ಕಣ್ಣಳತೆಯ ಅಂಗಿ

ಶಾಲೆ ಶುರುವಾಗುವ ಹೊತ್ತಿಗೆ ನಮ್ಮ ಓಣಿಯ ಮನೆಮನೆಯಲ್ಲೂ ಒಂದೇ ಚಿಂತೆ. ಸಮವಸ್ತ್ರ ಕೈಗೆ ಸಿಗುತ್ತದೋ ಇಲ್ಲವೋ. ಸರ್ಕಾರಿ ಮಾಧ್ಯಮಿಕ ಶಾಲೆಯ ಮಕ್ಕಳಿಗೆಲ್ಲ ಹೊಲಿದುಕೊಡುವವಳು ಟೈಲರಮ್ಮ ಒಬ್ಬಳೇ. ಮಕ್ಕಳು ಅವಳ ಮುಂದಿನ ಕೋಣೆಗೆ ಬಂದು ಕೈ ಅಗಲಿಸಿ ನಿಲ್ಲುತ್ತಾರೆ. ಅವಳು ಟೇಪು ಹಿಡಿದು ಅಳೆಯುತ್ತ, ಮನೇಲಿ ಊಟ ಹಾಕ್ತಾರೋ ಗಾಳಿ ಕುಡಿಸ್ತಾರೋ ಎಂದು ರೇಗಿಸುತ್ತಾಳೆ.

ಚರ್ಮ ಹದಮಾಡುವ ಕಾರ್ಖಾನೆಯ ಕಡೆಯ ಮಕ್ಕಳು ಮಾತ್ರ ಒಳಗೆ ಬರುತ್ತಿರಲಿಲ್ಲ. ಅವರು ಮೆಟ್ಟಿಲ ಕೆಳಗೆ ನಿಲ್ಲಬೇಕು. ಟೈಲರಮ್ಮ ಬಾಗಿಲಲ್ಲೇ ನಿಂತು ಒಮ್ಮೆ ನೋಡಿ, ಆಯ್ತು ಹೋಗು ಎನ್ನುತ್ತಿದ್ದಳು. ಬಿಗಿಯಾದರೆ ಮತ್ತೆ ಬರುತ್ತಾರೆಂದು ಎಲ್ಲವನ್ನೂ ದೊಡ್ಡದಾಗಿಯೇ ಹೊಲಿಯುತ್ತಿದ್ದಳು. ಯಾರನ್ನೂ ಇಲ್ಲ ಅಂತ ಕಳಿಸಿಲ್ಲವಲ್ಲ ಎಂಬುದು ಅವಳ ಸಮಾಧಾನ.

ಆ ವರ್ಷ ಅಲ್ಲಿ ಚರ್ಮ ಹದಮಾಡುವ ಹದಗಾರನೊಬ್ಬನ ಮಗಳು ಏಳನೇ ತರಗತಿಗೆ ಸೇರಿದಳು. ಬೇರೆ ಸೀಮೆಯಿಂದ ಬಂದವಳು, ಇಲ್ಲಿಯ ಮಾತು ಇನ್ನೂ ತಡವರಿಸುತ್ತಿತ್ತು. ಟೈಲರಮ್ಮ ಕಣ್ಣಳತೆಯಲ್ಲಿ ಹೊಲಿದ ಅಂಗಿ ಹೆಗಲಿನಿಂದ ಜಾರುತ್ತಿತ್ತು. ಮೊದಲ ದಿನವೇ ಅವಳನ್ನು ಗೋಣಿಚೀಲ ಎಂದದ್ದು ಅದೇ ತರಗತಿಯಲ್ಲಿದ್ದ ಟೈಲರಮ್ಮನ ಮಗಳು. ತರಗತಿ ನಕ್ಕಿತು. ಮೇಷ್ಟ್ರು ಬೈಯಲಿಲ್ಲ, ಮುಖ ತಿರುಗಿಸಿ ನಗು ನುಂಗಿಕೊಂಡರು. ಅಲ್ಲಿಂದ ಅದೇ ಅಡ್ಡಹೆಸರು ಅಂಟಿಕೊಂಡಿತು. ಪಕ್ಕ ಕೂರುವವರು ಯಾರೂ ಇಲ್ಲದೆ ಹುಡುಗಿ ಬಾಗಿಲ ಬಳಿಯ ಬೆಂಚಿನಲ್ಲಿ ಒಬ್ಬಳೇ ಕೂತಳು. ಅಂಗಿ ಜಾರದಿರಲಿ ಎಂದು ಒಳಗಿನಿಂದ ಪಿನ್ನು ಚುಚ್ಚಿಕೊಳ್ಳತೊಡಗಿದಳು.

ಕೆಲವು ವಾರಗಳ ಮೇಲೆ ಆ ಬೆಂಚು ಖಾಲಿಯಾಯಿತು. ಯಾರೂ ವಿಚಾರಿಸಲಿಲ್ಲ.

ಟೈಲರಮ್ಮನ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದವಳು ಆಸ್ಪತ್ರೆಯ ನರ್ಸು. ಒಂದು ಸಂಜೆ ಕೆಲಸದಿಂದ ಬಂದವಳು ಮೇಲೆ ಹೋಗದೆ ಮುಂದಿನ ಕೋಣೆಯಲ್ಲೇ ಕುಳಿತಳು.

"ಅಕ್ಕಾ, ಹದಗಾರನ ಮಗಳು ನಮ್ಮ ವಾರ್ಡಿನಲ್ಲಿದ್ದಾಳೆ."

ಕಾರ್ಖಾನೆಯ ನೀರಿನಿಂದ ಏನೋ ಕಾಯಿಲೆ ಇರಬೇಕು ಎಂದಳು ಟೈಲರಮ್ಮ.

"ನೀರಲ್ಲ, ಪಿನ್ನು. ತುಕ್ಕು ಹಿಡಿದದ್ದು. ಹೆಗಲಿಗೆ ಚುಚ್ಚಿ ಕೀವಾಗಿದೆ. ಯಾರಿಗೂ ಹೇಳಿಲ್ಲ ಹುಡುಗಿ. ಈಗ ನಂಜು ರಕ್ತಕ್ಕೆ ಏರಿದೆ."

"ಪಿನ್ನು ಯಾಕೆ ಹಾಕ್ಕೋಬೇಕಿತ್ತು?"

"ಅಂಗಿ ನಿಲ್ತಿರಲಿಲ್ಲ."

ಹೊಲಿಗೆ ಯಂತ್ರ ನಿಂತಿತು. ಆ ಮಕ್ಕಳನ್ನು ಒಳಗೆ ಕರೆದರೆ ವಾಸನೆ ಬರುತ್ತೆ ಅಂತ ಗಿರಾಕಿಗಳು ಮುಖ ಸಿಂಡರಿಸುತ್ತಾರೆ, ನಾನೇನು ಮಾಡಲಿ ಎಂದು ಟೈಲರಮ್ಮ ವಾದಿಸಿದಳು. ನರ್ಸು ಜಗಳವಾಡಲಿಲ್ಲ. ಆ ವಾಸನೆ ಕೆಲಸದ್ದು, ಮುಟ್ಟಿದರೆ ಅಂಟುವ ರೋಗ ಅಲ್ಲ ಎಂದಳು. ಒಂಟಿಯಾದ ಮಗು ನೋವನ್ನೂ ಬಚ್ಚಿಡುತ್ತದೆ, ಪಕ್ಕದಲ್ಲಿ ಒಬ್ಬ ಗೆಳತಿ ಇದ್ದಿದ್ದರೆ ಮೊದಲ ವಾರವೇ ಗೊತ್ತಾಗುತ್ತಿತ್ತು ಎಂದಳು.

"ಬದುಕ್ತಾಳಾ?"

"ಗೊತ್ತಿಲ್ಲ ಅಕ್ಕಾ."

ಬಾಗಿಲ ಸಂದಿನಲ್ಲಿ ನಿಂತು ಮಗಳು ಎಲ್ಲವನ್ನೂ ಕೇಳಿಸಿಕೊಂಡಳು. ಗೋಣಿಚೀಲ ಎಂದು ಕರೆದದ್ದು ತಾನೇ ಎಂದು ಅವಳು ಒಪ್ಪಿಕೊಂಡಳು. ಟೈಲರಮ್ಮ ಹೊಡೆಯಲಿಲ್ಲ. ಹೊಡೆಯುವ ಮುಖ ತನಗೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು.

ಹುಡುಗಿ ಬದುಕಿದಳು. ಹೆಗಲನ್ನು ಆಳವಾಗಿ ಕೊಯ್ದಿದ್ದರು. ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಅಪ್ಪ ಶಾಲೆ ಬಿಡಿಸಿದ. ಟೈಲರಮ್ಮನೂ ಅವಳ ಮಗಳೂ ನರ್ಸಿನ ಜೊತೆ ಹದಗಾರನ ಮನೆಗೆ ಹೋಗಿ ಹೊರಗೆ ನಿಂತರು. ಹದಗಾರ ಕೈ ಒರೆಸಿಕೊಂಡು ಬಂದ.

"ಒಳಗೆ ಬನ್ನಿ. ಬಂದವರನ್ನ ಹೊರಗೆ ನಿಲ್ಲಿಸೋ ಅಭ್ಯಾಸ ನಮಗಿಲ್ಲ."

ಟೈಲರಮ್ಮ ತಲೆ ತಗ್ಗಿಸಿ ಒಳಗೆ ಕೂತಳು. ತಪ್ಪಾಯಿತು, ಅಳತೆ ತೆಗೆದು ಬೇರೆ ಹೊಲಿದುಕೊಡುತ್ತೇನೆ ಎಂದಳು.

"ಬಟ್ಟೆ ಇರಲಿ ತಾಯಿ. ನನ್ನ ಮಗಳು ಅಲ್ಲಿ ಯಾರ ಪಕ್ಕ ಕೂತ್ಕೋತಾಳೆ? ಅದನ್ನ ಹೇಳಿ."

"ನನ್ನ ಪಕ್ಕ," ಎಂದಳು ಟೈಲರಮ್ಮನ ಮಗಳು.

ಮೂಲೆಯಿಂದ ಹುಡುಗಿ ಮೊದಲ ಬಾರಿ ಬಾಯಿಬಿಟ್ಟಳು. "ಇವಳ ಪಕ್ಕ ಬೇಡ. ಆ ಮಾತು ನಿಲ್ಲಲಿ ಮೊದಲು. ಆಮೇಲೆ ನೋಡ್ತೀನಿ."

ಮರುದಿನ ಟೈಲರಮ್ಮನ ಮಗಳು ತರಗತಿಯ ಮುಂದೆ ನಿಂತು, ಆ ಹೆಸರು ಇಟ್ಟದ್ದು ನಾನು, ಇನ್ನು ಯಾರೂ ಹಾಗೆ ಕರೆಯಬೇಡಿ ಎಂದಳು. ಯಾರೂ ನಗಲಿಲ್ಲ. ಮೇಷ್ಟ್ರು ಮಕ್ಕಳು ಕೂರುವ ಜಾಗ ಬದಲಿಸಿದರು, ಕಾರ್ಖಾನೆ ಕಡೆಯವರೂ ಓಣಿಯವರೂ ಪ್ರತಿ ಬೆಂಚಿನಲ್ಲಿ ಬೆರೆಯುವಂತೆ. ಪಾಲಕರ ಸಭೆ ಸದಾ ಕಾರ್ಖಾನೆಯ ಕೆಲಸದ ಹೊತ್ತಿನಲ್ಲೇ ನಡೆಯುತ್ತಿತ್ತು. ಅದನ್ನು ಕೆಲಸ ಬಿಟ್ಟ ಮೇಲಿನ ಸಂಜೆಗೆ ಇಟ್ಟರು. ಅವತ್ತು ಹದಗಾರರು ಮೊದಲ ಸಲ ಬಂದರು. ಮಾತೃಭಾಷೆ ಬೇರೆಯಾದ ಮಕ್ಕಳಿಗೆ ಪಾಠ ತಿಳಿಸಿ ಹೇಳಲು ಹದಗಾರರಲ್ಲೇ ಓದಿದ ಒಬ್ಬಳು ಹೆಂಗಸು ಒಪ್ಪಿಕೊಂಡಳು. ಟೈಲರಮ್ಮ ಎಲ್ಲ ಮಕ್ಕಳನ್ನೂ ಒಳಗೆ ಕರೆದು ಅಳೆಯತೊಡಗಿದಳು. ಒಂದಿಬ್ಬರು ಗಿರಾಕಿಗಳು ಬೇರೆ ಕಡೆ ಹೋದರು. ಹೋಗಲಿ ಎಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗಿ ಶಾಲೆಗೆ ಬಂದಳು. ಓಣಿಯ ಕುಂಬಾರನ ಮಗಳ ಪಕ್ಕ ಕೂತಳು. ಟೈಲರಮ್ಮನ ಮಗಳ ಜೊತೆ ಇನ್ನೂ ಮಾತಾಡಿಲ್ಲ. ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಉಳಿದವರು ಕೈ ಎತ್ತುತ್ತಾರೆ. ಅವಳು ಎದ್ದು ನಿಲ್ಲುತ್ತಾಳೆ. ಆ ಕೈ ಇನ್ನು ಸರಿಹೋಗುವುದಿಲ್ಲ.

ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮಗುವಿನ ತರಗತಿಯಲ್ಲೂ ಒಂಟಿಯಾಗಿ ಕೂರುವ ಒಂದು ಮಗು ಇರಬಹುದು. ಇವತ್ತು ಮನೆಗೆ ಬಂದ ನಿಮ್ಮ ಮಗುವನ್ನು ಅಂಥ ಮಗು ಇದೆಯೇ ಎಂದು ಕೇಳಿ. ಅದರ ಪಕ್ಕ ಯಾರೂ ಯಾಕೆ ಕೂರುವುದಿಲ್ಲ ಎಂದೂ ಕೇಳಿ. ಅದು ಶಾಲೆಗೆ ಬಾರದಿದ್ದರೆ ಮೇಷ್ಟ್ರಿಗೆ ತಿಳಿಸಿ, ಅವರ ಮನೆಗೆ ನೀವೇ ಹೋಗಿ ಬನ್ನಿ. ಆಸ್ಪತ್ರೆಯಿಂದ ಸುದ್ದಿ ಬರುವವರೆಗೆ ಕಾಯಬೇಡಿ.