ಬೆಳ್ಳಗಾಗುವ ದೋಣಿ

ಮೂರನೇ ಬಿಂದಿಗೆ ಸುರಿದಾಗ ನೀರು ಹಲಗೆಯ ಅಂಚಿಗೆ ಬಡಿದು ಚಿಮ್ಮಿತು. ಕಡೆಯ ಸ್ನಾನಕ್ಕೆಂದು ಹಲಗೆಯ ಮೇಲೆ ಮಲಗಿಸಿದ್ದ ವೆಂಕಟಯ್ಯನಿಗೆ ಅದರ ಪರಿವೆ ಎಲ್ಲಿ? ಪಕ್ಕದಲ್ಲಿ, ಬೇವಿನ ಮರದ ಕೆಳಗೆ ಬೋರಲು ಹಾಕಿದ್ದ ಅವನ ಕೆಂಪು ದೋಣಿ ಮಾತ್ರ ಸುಮ್ಮನಿರಲಿಲ್ಲ. ನೀರು ಬಿದ್ದ ಕಡೆಯೆಲ್ಲ ಮೆಲ್ಲಗೆ ಬೆಳ್ಳಗಾಗತೊಡಗಿತು.

"ನೋಡಕ್ಕ, ಇವತ್ತೂ ತನ್ನ ಬುದ್ಧಿ ಬುಡ್ಲಿಲ್ಲ ಇದು," ಎಂದ ರಸೂಲ್. ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ವೆಂಕಟಯ್ಯನ ಪಕ್ಕದ ಲೇತಿನಲ್ಲಿ ಮೂವತ್ತು ವರ್ಷ ದುಡಿದವನು. ನಗಲು ಹೋದವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಅಂಕಮ್ಮ ಎದ್ದು ಬಂದು ಸೆರಗಿನಿಂದ ದೋಣಿಯ ಬಿಳಿ ಕಲೆಗಳನ್ನು ಒರೆಸಿದಳು. "ಗಂಡನ್ ಮುಖ ಒರೆಸೋದ್ ಬುಟ್ಟು ದೋಣಿ ಒರೆಸ್ತಾವ್ಳಲ್ಲ," ಎಂದು ಹೆಂಗಸರು ಪಿಸುಗುಟ್ಟಿದರು. ಒರೆಸಿದರೆ ಹೋಗುವ ಬಿಳುಪೇ ಅದು? ಬಿಸಿಲು ಬಿದ್ದರೆ ತಾನಾಗಿ ಹೋಗುತ್ತದೆ. ಅವಳಿಗಿಂತ ಚೆನ್ನಾಗಿ ಅದು ಇನ್ಯಾರಿಗೆ ಗೊತ್ತು!

* * *

ಆರು ವರ್ಷದ ಹಿಂದೆ, ಕೆಲಸ ಬಿಟ್ಟು ಮನೆಯಲ್ಲಿ ಕೂತ ತಿಂಗಳಲ್ಲೇ ವೆಂಕಟಯ್ಯ ಎಲ್ಲೋ ಬೋಟಿಂಗ್ ನಿಲ್ಲಿಸಿದವರಿಂದ ಈ ಹಳೇ ಫೈಬರ್ ದೋಣಿಯನ್ನು ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದ. ಕಣ್ವ ಜಲಾಶಯ ಮನೆಯಿಂದ ಕೂಗಳತೆಯ ದೂರ. ಮದುವೆಯಾಗಿ ಬಂದಾಗಿನಿಂದ ಅಂಕಮ್ಮ ಅದರ ದಡದಲ್ಲೇ ಬಟ್ಟೆ ಒಗೆದವಳು, ಆದರೆ ಮೊಣಕಾಲುದ್ದಕ್ಕಿಂತ ಆಳಕ್ಕೆ ಇಳಿದವಳಲ್ಲ.

"ಬೆಳಗ್ಗೆ ಮಂಜು ಬಿದ್ದಿರ್ತದೆ ಕಣೆ. ನಡು ನೀರಲ್ಲಿ ಕೂತ್ರೆ ಮೇಲ್ಯಾವ್ದು, ಕೆಳಗ್ಯಾವ್ದು ಗೊತ್ತಾಗಕಿಲ್ಲ. ಮೋಡದೊಳಗೇ ಕೂತಂಗೆ. ಒಂದ್ ಸಲ ಬಾ," ಎನ್ನುತ್ತಿದ್ದ.

"ಮೊದ್ಲು ಯಾರಾದ್ರೂ ಪೇಂಟಿನವ್ರನ್ನ ಕರ್ಸಿ, ನೆಟ್ಟಗ್ ಬಣ್ಣ ಹೊಡ್ಸಿ."

"ಮೂವತ್ ವರ್ಸ ಬಣ್ಣ ಹಾಕಿದ್ ಕೈ ಇದು. ನನ್ ದೋಣಿಗೆ ಇನ್ನೊಬ್ಬ ಬಳೀಬೇಕಾ?"

ದೋಣಿಯನ್ನು ಲೇತಿಗೆ ಏರಿಸಿ ತಿರುಗಿಸಲಾಗುವುದಿಲ್ಲವಲ್ಲ. ಬೊಂಬೆಗೆ ಹಾಕುವ ಅರಗನ್ನೇ ಸ್ಪಿರಿಟ್ಟಿನಲ್ಲಿ ಕರಗಿಸಿ, ಕೆಂಪು ಬೆರೆಸಿ, ಬಟ್ಟೆಯುಂಡೆಯಿಂದ ಎಂಟು ದಿನ ತಿಕ್ಕಿದ. ಅಬ್ಬಾ, ಮುಖ ಕಾಣುವಂಥ ಹೊಳಪು! ಊರೇ ನೋಡಲು ಬಂತು. ನೀರಿಗೆ ಇಳಿಸಿ ಅರ್ಧ ಗಂಟೆಯಾಗುವಷ್ಟರಲ್ಲಿ ಕೆಂಪೆಲ್ಲ ಮಾಯವಾಗಿ ದೋಣಿ ಹಾಲಿನ ಹಾಗೆ ಬೆಳ್ಳಗೆ ನಿಂತಿತ್ತು. ದಡಕ್ಕೆಳೆದು ಬಿಸಿಲಿಗಿಟ್ಟರೆ ಸಂಜೆಗೆ ಮತ್ತೆ ಕೆಂಪು. ಅರಗಿಗೂ ನೀರಿಗೂ ಆಗಿಬರುವುದಿಲ್ಲ.

"ಬಣ್ಣವೇ ನಿಲ್ದಿರೋ ದೋಣಿ ನಂಬ್ಕಂಡು ನಾನ್ ಕೂತ್ಕಳಾದಾ? ಬೆಳ್ಳಗಾಗ್ದಂಗ್ ಮಾಡಿ, ಹತ್ತೀನಿ," ಎಂದುಬಿಟ್ಟಳು ಅಂಕಮ್ಮ.

ನೀರೆಂದರೆ ಹೆದರಿಕೆ ಎನ್ನಲು ಅವಳಿಗೆ ನಾಚಿಕೆ. ಒಳ್ಳೆಯ ನೆಪ ಸಿಕ್ಕಿತ್ತು. ಪಾಪ, ಅವನು ನಂಬಿದ. ವರ್ಷವರ್ಷವೂ ಹೊಸ ಪಾಕ ಕಾಯಿಸಿದ, ತಿಕ್ಕಿದ, ನೀರಿಗಿಳಿಸಿದ. ವರ್ಷವರ್ಷವೂ ಅದು ಬೆಳ್ಳಗಾಗಿ ಅವಳನ್ನು ಉಳಿಸಿತು.

* * *

ಗಂಡಸರು ಚಟ್ಟ ಹೊತ್ತುಕೊಂಡು ಹೋದ ಮೇಲೆ ಮಗಳು ಸುಮನಾ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಆಗ ಒಂದು ಗೂಡ್ಸ್ ಆಟೋ ಬಂದು ನಿಂತಿತು. ತಲೆ ನರೆತ ಒಬ್ಬಾತ ಕೈಯಲ್ಲಿ ಉಜ್ಜುವ ಮಿಷನ್ನು ಹಿಡಿದು ಇಳಿದ.

"ಮುಜೀಬ್ ಅಂತ, ಹಾರೋಹಳ್ಳಿಯಿಂದ. ಫೈಬರ್ ಕೆಲ್ಸದವ್ನು. ವೆಂಕಟಯ್ಯನವ್ರು ಇವತ್ತು ಬಾ ಅಂದಿದ್ರು..." ಅಂಗಳದಲ್ಲಿ ಚೆಲ್ಲಿದ ಹೂ ಕಂಡು ಅವನ ಮಾತು ನಿಂತಿತು. "ಅಯ್ಯೋ ತಾಯಿ, ನಂಗೊತ್ತಿಲ್ಲ. ಬತ್ತೀನಿ."

"ನಿಂತ್ಕೋ," ಎಂದಳು ಅಂಕಮ್ಮ. "ಏನಂದಿದ್ರು ಅವ್ರು? ಅದ್ ಹೇಳಿ ಹೋಗು."

"ಹಳೇದೆಲ್ಲ ಕೆರ್ದು, ನೀರಿಗೆ ನಿಲ್ಲೋ ಪೇಂಟ್ ಹೊಡಿ ಅಂದ್ರು. ನನ್ ಕೈಲಾಗ್ಲಿಲ್ಲಪ್ಪ, ನಮ್ಮೋಳು ಹತ್ಬೇಕು, ನೀನಾದ್ರೂ ಮಾಡ್ಕೊಡು ಅಂದ್ರು." ಮುಜೀಬ್ ತಲೆ ತಗ್ಗಿಸಿದ. "ಕೆರೆಯೋ ದಿನ ಮಾತ್ರ ನಾನ್ ಮನೇಲಿರಕಿಲ್ಲ, ನನ್ ಕೈಲಿ ನೋಡಕಾಗಕಿಲ್ಲ ಅಂತಾನೂ ಅಂದ್ರು."

ಬೆಳಗಿನಿಂದ ಬಾರದ ಅಳು ಅಂಕಮ್ಮನಿಗೆ ಆಗ ಬಂತು. ದೋಣಿಯ ಬೆನ್ನಿಗೆ ಹಣೆಯೊತ್ತಿ ಬಿಕ್ಕಿಬಿಕ್ಕಿ ಅತ್ತಳು.

"ಸುಳ್ ಹೇಳ್ದೆ ಕಣವ್ವ ಸುಮನಾ. ಬಣ್ಣಕ್ಕಲ್ಲ, ನಂಗೆ ನೀರ್ ಅಂದ್ರೆ ಭಯ. ಅದೊಂದ್ ಮಾತು ಹೇಳಿದ್ರೆ ಆಗೋಗದು. ಅವ್ರ ಕೈ ಸೋಲೋಗಂಟ ಸುಮ್ಕಿದ್ದೆ."

ಸುಮನಾ ಅವ್ವನ ಬೆನ್ನು ಸವರಿದಳು. ಮುಜೀಬ್ ಮಿಷನ್ನನ್ನು ಆಟೋದಲ್ಲಿಟ್ಟು ಬಂದ. ಅಂಕಮ್ಮ ಮೂಗು ಒರೆಸಿಕೊಂಡು ಎದ್ದಳು.

"ಕೆರೀಬ್ಯಾಡ ಕಣಪ್ಪ. ಒಂದ್ ಕಡೆ ಹಿಡಿ, ಇದನ್ನ ಅಂಗಾತ ಮಾಡಿ. ನಾಡಿದ್ದು ಅವ್ರ ಬೂದಿ ಬಿಡಕ್ಕೆ ನಾನೂ ಇದ್ರಲ್ಲೇ ಹೋಯ್ತೀನಿ."

ಮುಜೀಬನೂ ಸುಮನಾಳೂ ಸೇರಿ ದೋಣಿಯನ್ನು ತಿರುಗಿಸಿಟ್ಟರು. ಅಂಕಮ್ಮ ಸೀರೆ ಎತ್ತಿಕೊಂಡು ಒಳಗೆ ಕಾಲಿಟ್ಟು, ಹಿಂದಿನ ಹಲಗೆಯ ಮೇಲೆ ಕೂತಳು. ಎದುರಿಗೆ ವೆಂಕಟಯ್ಯ ಕೂತು ಕೂತು ನುಣುಪಾದ ಹಲಗೆ. ದೋಣಿ ಇದ್ದದ್ದು ಒಣ ನೆಲದ ಮೇಲೆ. ಆದರೂ ಅವಳು ಎರಡೂ ಕೈಯಲ್ಲಿ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಬಿಸಿಲಿಗೆ ಬಿಳಿ ಕಲೆಗಳು ಆರಿ ದೋಣಿ ಪೂರ್ತಿ ಕೆಂಪಗಿತ್ತು.

"ನೀರ್ ಹುಯ್ಯಿ ಮಗ."

"ಎಲ್ಲಿಗವ್ವ?"

"ದೋಣಿಗೆ. ಸುತ್ತಾ ಹುಯ್ಯಿ."

ಸುಮನಾ ಬಿಂದಿಗೆ ಬಗ್ಗಿಸಿದಳು. ಮತ್ತೊಂದು ತಂದಳು, ಇನ್ನೊಂದು ತಂದಳು. ಚಿತೆಗೆ ಬೆಂಕಿಯಿಟ್ಟು, ಮಿಂದು ಒದ್ದೆ ಬಟ್ಟೆಯಲ್ಲಿ ಮರಳಿದ ಗಂಡಸರು ಗೇಟಿನಲ್ಲೇ ನಿಂತುಬಿಟ್ಟರು. ಕೆಂಪು ಮಸುಕಾಯಿತು. ಬುಡದಿಂದ ಬಿಳುಪು ಏರುತ್ತ ಏರುತ್ತ ಅಂಕಮ್ಮನ ಬೆರಳುಗಳ ತನಕ ಬಂತು. ಅವಳು ಅಂಚು ಬಿಡಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಎದುರಿನ ಖಾಲಿ ಹಲಗೆಯನ್ನು ನೋಡುತ್ತ ಮೆಲ್ಲಗೆ ಹೇಳಿದಳು:

"ಒಸಿ ನಿಧಾನಕ್ಕೆ ಹುಟ್ ಹಾಕಿ."