ಕೆಳಗಿನ ಮನೆಯ ರೊಟ್ಟಿ ಸದ್ದು

ತಪ್ ತಪ್ ತಪ್, ಕೆಳಗಿನ ಮನೆಯಿಂದ ಮತ್ತೆ ಅದೇ — ಬಾಗಿಲಲ್ಲ, ಬಾಗಿಲಲ್ಲ, ರೊಟ್ಟಿ, ಇಖ್ಲಾಸ್ ಕಣ್ಣು ತೆರೆಯದೆ ತನಗೆ ತಾನೇ ಹೇಳಿಕೊಳ್ಳುತ್ತಾಳೆ, ದಿನಾ ಬೆಳಿಗ್ಗೆ ಹೇಳಿಕೊಳ್ಳುವ ಮಾತು, ಇದು ಸುಡಾನ್ ಅಲ್ಲ, ಓಮ್‌ದುರ್ಮಾನ್ ಅಲ್ಲ, ವಿಜಯಪುರ, ಇಲ್ಲಿ ಬಂದೂಕಿನ ಹಿಡಿಯಿಂದ ಬಾಗಿಲು ಒಡೆಯುವವರಿಲ್ಲ, ಕೆಳಗೆ ನೇತ್ರಾ ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ ಅಷ್ಟೇ, ಮಲಗು. ಜೋಳ ಅವಳಿಗೇನು ಹೊಸದೇ, ಬೆಳೆದದ್ದೇ ಜೋಳ ತಿಂದು, ಆದರೆ ಅಲ್ಲಿ ಅಮ್ಮ ಹುಳಿ ಹಿಟ್ಟನ್ನು ಕಾದ ತಗಡಿನ ಮೇಲೆ ಖರ್ಜೂರದ ಗರಿಯ ತುಂಡಿನಿಂದ ತೆಳ್ಳಗೆ ಸವರುತ್ತಿದ್ದಳು, ಆ ರೊಟ್ಟಿಗೆ ಸದ್ದಿರಲಿಲ್ಲ, ಸದ್ದು ಮಾಡುತ್ತಿದ್ದವರು ಬೇರೆ, ಬಂದೂಕು ಹಿಡಿದವರು — ಅವರು ಬಂದಾಗ ಅಣ್ಣ ಮುಸ್ತಫಾ ಅಂಗಳದಲ್ಲಿ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದ, ಮೊದಲ ಏಟು ಬೆನ್ನಿಗೆ, ಇನ್ನೊಂದು ಕಿವಿಗೆ, ಆಮೇಲೆ ಎಲ್ಲೆಲ್ಲಿಗೋ, ಮಾಂಸದ ಮೇಲೆ ಮರ ಬೀಳುವ ಸದ್ದು, ತಪ್ ತಪ್ ತಪ್, ನೀರಿನ ಗುಡಾಣದ ಹಿಂದೆ ಅಮ್ಮ ಇವಳ ಬಾಯಿ ಮುಚ್ಚಿ ಹಿಡಿದಿದ್ದಳು, ಐದೂ ಬೆರಳು ಕೆನ್ನೆಯಲ್ಲಿ ಹೂತುಹೋಗುವಷ್ಟು ಗಟ್ಟಿಯಾಗಿ, ಕೂಗಬೇಡ, ಕೂಗಿದರೆ ನಿನ್ನನ್ನೂ ಕೊಲ್ಲುತ್ತಾರೆ, ಆ ಐದು ಬೆರಳು ಇನ್ನೂ ಅಲ್ಲೇ ಇವೆ, ತಪ್ಪಿಸಿಕೊಂಡು ಸೇರಿದ ಕೈರೋದಿಂದ ಅಮ್ಮ ಫೋನು ಮಾಡಿದಾಗಲೂ ಇವಳ ಬಾಯಿ ಪೂರ್ತಿ ತೆರೆಯುವುದಿಲ್ಲ.

ಬಂದ ಹೊಸದರಲ್ಲಿ ಈ ಸದ್ದಿಗೆ ಮಂಚದ ಕೆಳಗೆ ತೂರಿಕೊಂಡಿದ್ದಳು, ನರ್ಸಿಂಗ್ ಓದಲು ಬಂದ ದೊಡ್ಡ ಹುಡುಗಿ, ಆಮೇಲೆ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದರೆ ಅಡುಗೆಮನೆಯಲ್ಲಿ ಮನೆಯೊಡತಿ ಗುರುಸಿದ್ದವ್ವ ರೊಟ್ಟಿ ಬಡಿಯುವ ಕಲ್ಲಿನ ಮುಂದೆ ಕೂತು ಹೊಟ್ಟೆ ಹಿಡಿದು ನಕ್ಕಳು, ರೊಟ್ಟಿ ಬೇ ಇದು, ರೊಟ್ಟಿ, ಇಷ್ಟಕ್ಕ ಅಂಜತಾರೇನ, ನೋಡಿಲ್ಲೆ, ಹಿಂಗ ಬಡೀಬೇಕು, ಅಂತ ಇವಳ ಕೈಯನ್ನೂ ಹಿಡಿದು ಹಿಟ್ಟಿನ ಮೇಲೆ ಬಡಿಸಿದಳು, ಸೊಸೆ ನೇತ್ರಾ ಗೋಡೆಯ ಕಡೆ ಮುಖ ಮಾಡಿ ನಿಂತವಳು ತಿರುಗಲಿಲ್ಲ, ನಾಚಿಕೆಯ ಹೆಂಗಸು ಅಂದುಕೊಂಡಳು ಇಖ್ಲಾಸ್. ಅಂದಿನಿಂದ ಸದ್ದು ಎಂದರೆ ರೊಟ್ಟಿ, ಅಮ್ಮನಿಗೂ ಹೇಳಿದಳು, ಈ ಊರಲ್ಲಿ ಏಟು ತಿನ್ನುವುದು ಹಿಟ್ಟೊಂದೇ. ಹೀಗೇ ಊರು ಒಗ್ಗಿತು, ಗೋಳಗುಮ್ಮಟದೊಳಗೆ ಯಾರೋ ಚಪ್ಪಾಳೆ ತಟ್ಟಿ, ಅದು ಗುಂಡಿನ ಹಾಗೆ ಮತ್ತೆ ಮತ್ತೆ ತಿರುಗಿ ಬಂದಾಗ ನೆಲಕ್ಕೆ ಕುಕ್ಕರಿಸಿದ್ದವಳು ಈಗ ಟಂಟಂ ಆಟೋ ಹತ್ತಿ ಕಾಲೇಜಿಗೆ ಹೋಗುತ್ತಾಳೆ, ರೊಟ್ಟಿಯ ಜೊತೆ ಶೇಂಗಾ ಹಿಂಡಿಗೆ ಮೊಸರು ಕಲಸಿಕೊಳ್ಳುತ್ತಾಳೆ, ಓಣಿಯ ಮಕ್ಕಳು ಕೂದಲು ಮುಟ್ಟಿ ಓಡಿದರೆ ನಗುತ್ತಾಳೆ. ಕೂದಲು — ಒಮ್ಮೆ ತಿಕೋಟಾ ಬಸ್ಸು, ನೇತ್ರಾಳ ತವರು ಹೊನವಾಡಕ್ಕೆ ಇಬ್ಬರೇ ಹೊರಟಿದ್ದರು, ಹಿಂದಿನ ಸೀಟಿನವನೊಬ್ಬ ಇವಳ ಜಡೆಗೆ ಕೈ ಹಾಕಿ ಜಗ್ಗಿದ, ನೇತ್ರಾ ಎದ್ದು ನಿಂತು ಇಡೀ ಬಸ್ಸಿಗೆ ಕೇಳುವಂತೆ, ಕೈ ತಗೀಲೇ, ಇಲ್ಲಂದ್ರ ಮುರೀತೀನಿ, ಅವನು ಬಾಲ ಮುದುಡಿಕೊಂಡ, ಇಖ್ಲಾಸ್ ಆ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು, ಅವಳು ಕಲಿತ ಮೊದಲ ಪೂರ್ತಿ ಕನ್ನಡ ಮಾತು, ನೇತ್ರಾ ಬಿದ್ದು ಬಿದ್ದು ನಗುವಾಗ ಸೆರಗು ಜಾರಿ ತೋಳು ಕಂಡಿತು, ತೋಳಿನ ಮೇಲೆ ನೀಲಿ ಕಲೆಗಳು, ಇದೇನು ಅಂದರೆ ಥಟ್ಟನೆ ನಗು ನಿಲ್ಲಿಸಿ ಸೆರಗು ಎಳೆದುಕೊಂಡಳು, ಹಂಚು ತಾಗ್ಯಾದ ಬೇ, ರೊಟ್ಟಿ ಮಾಡಾಕಿಗಿ ಇದೆಲ್ಲಾ ಇರೂದ.

ತಪ್ ತಪ್ ತಪ್, ಹೊಟ್ಟೆ ಹಸಿಯುತ್ತದೆ, ಮೂಗು ತಾನಾಗಿಯೇ ಹಂಚಿನ ವಾಸನೆ ಹುಡುಕುತ್ತದೆ, ಇಲ್ಲ, ವಾಸನೆ ಇಲ್ಲ. ಮೇಜಿನ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿ ಇದೆ, ನಿನ್ನೆ ಸಂಜೆ ನೇತ್ರಾ ಮೆಟ್ಟಿಲ ಮೇಲೆ ನಿಂತು ಕೊಟ್ಟದ್ದು, ಗ್ಯಾಸ್ ಮುಗದಾದ, ಸಿಲಿಂಡರ್ ನಾಳಿ ಮಧ್ಯಾಹ್ನಕ್ಕ ಬರತದ, ಮುಂಜಾನಿ ರೊಟ್ಟಿ ಇಲ್ಲ, ಇದ ತಿಂದು ಹೋಗು — ಬಟ್ಟೆ ಬಿಚ್ಚುತ್ತಾಳೆ, ರೊಟ್ಟಿಯ ಅಂಚಿನಲ್ಲಿ ನೇತ್ರಾಳ ಬೆರಳುಗಳ ಗುರುತು, ಐದು, ಒಣಗಿ ಗಟ್ಟಿಯಾಗಿವೆ. ಗ್ಯಾಸ್ ಇಲ್ಲ. ಗ್ಯಾಸ್ ಇಲ್ಲದೆ ಯಾವ ರೊಟ್ಟಿ. ತಪ್ ತಪ್ ತಪ್ ತಪ್, ರೊಟ್ಟಿಯಾದರೆ ನಡುವೆ ಬಿಡುವಿರಬೇಕು, ಬಡಿದು, ಎತ್ತಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಚುರ್ ಅನ್ನಬೇಕು, ಆಮೇಲೆ ಮುಂದಿನದು, ಇದಕ್ಕೆ ಬಿಡುವೇ ಇಲ್ಲ. ಸುಟ್ಟ ಗಾಯ ನೀಲಿಯಾಗುವುದಿಲ್ಲ, ನರ್ಸಿಂಗ್ ಓದುವವಳೇ, ಸುಟ್ಟರೆ ಬೊಬ್ಬೆ ಏಳುತ್ತದೆ, ನೀಲಿಗಟ್ಟುವುದು ಹಿಡಿದು ಅಮುಕಿದರೆ, ಬೆರಳಿಗೊಂದರಂತೆ ಐದು ನೀಲಿ — ಮತ್ತು ಆ ಮೊದಲ ದಿನ ಕಲ್ಲಿನ ಮುಂದೆ ಕೂತಿದ್ದವಳು ಮುದುಕಿ, ದಿನಾ ರೊಟ್ಟಿ ಮಾಡುವವಳು ನೇತ್ರಾ, ಅವತ್ತು ಮಾತ್ರ ಮುದುಕಿ, ಸೊಸೆ ಗೋಡೆಯ ಕಡೆ ಮುಖ ಮಾಡಿದ್ದು ನಾಚಿಕೆಗಲ್ಲ, ರೊಟ್ಟಿ ಬೇ ಇದು, ರೊಟ್ಟಿ, ಎಷ್ಟು ಚೆನ್ನಾಗಿ ಕಲಿಸಿದಳು, ಇವಳೂ ಎಷ್ಟು ಬೇಗ ಕಲಿತಳು, ಕಲಿತು ಎಷ್ಟು ಬೆಳಗು ಮಗ್ಗುಲು ಬದಲಿಸಿ ಮಲಗಿದಳು, ಥೂ. ಮಗ ಸಂಗನಬಸವ, ನೇತ್ರಾಳ ಗಂಡ, ತಿಕೋಟಾದಲ್ಲಿ ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧದ ಅಂಗಡಿ ಇಟ್ಟವನು, ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಸರಿದು ನಿಂತು, ಸಿಸ್ಟರ್, ಊಟ ಆತೇನ್ರಿ, ನಿಮ್ಮ ಪೊಲೀಸ್ ಕಾಗದಕ್ಕ ಮನಿ ಮಾಲಕ ಅಂತ ನಾನ ಸಹಿ ಹಾಕೇನ್ರಿ, ಬೇಫಿಕೀರ್ ಇರ್ರಿ, ಅನ್ನುವ ಸಭ್ಯಸ್ಥ — ಆ ಸಹಿ ಹೋದರೆ ಕೋಣೆ ಇಲ್ಲ, ಠಾಣೆಯಲ್ಲಿ ಹೆಸರು ಬಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಮತ್ತೆ ಆ ಅಂಗಳ, ಆ ಗುಡಾಣ. ಕೂಗಬೇಡ, ಅಮ್ಮನ ಬೆರಳು ಕೆನ್ನೆಯಲ್ಲಿ, ಕೂಗಿದರೆ ನಿನ್ನನ್ನೂ.

ಮೆಟ್ಟಿಲು ಯಾವಾಗ ಇಳಿದಳೋ, ಅಂಗಾಲಿಗೆ ಸಿಮೆಂಟು ತಣ್ಣಗಿದೆ, ಪಡಸಾಲೆಯಲ್ಲಿ ಟಿವಿ ಕಿವಿ ಹರಿಯುವಂತೆ ಒದರುತ್ತಿದೆ, ಅದರ ಮುಂದೆ ಗುರುಸಿದ್ದವ್ವ, ಹಿಟ್ಟು ಸೋಕದ ಒಣ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಏ ಒಳಗ ಹೋಗಬ್ಯಾಡ, ರೊಟ್ಟಿ ಬೇ ಅದು — ಇನ್ನೂ ಅದನ್ನೇ ಹೇಳುತ್ತಾಳೆ, ಒಲೆ ಹತ್ತದ ಮನೆಯಲ್ಲಿ, ಆ ಬಾಯಿಗೆ ಒಣ ಹಿಟ್ಟು ಮುಷ್ಟಿ ಮುಷ್ಟಿ ತುರುಕಬೇಕು, ಕಣ್ಣು ಮೇಲಾಗುವ ತನಕ. ಅಡುಗೆಮನೆ. ರೊಟ್ಟಿ ಕಲ್ಲಿನ ಪಕ್ಕ ನೆಲದ ಮೇಲೆ ನೇತ್ರಾ, ಮೊಣಕಾಲೂರಿದ ಸಂಗನಬಸವನ ಎಡಗೈಯಲ್ಲಿ ಅವಳ ತುರುಬು, ಬಲ ಅಂಗೈ ಅವಳ ಬೆನ್ನಿನ ಮೇಲೆ ಏಳುತ್ತಿದೆ ಬೀಳುತ್ತಿದೆ, ಸೀರೆ ಮುಚ್ಚುವ ಜಾಗದಲ್ಲೇ ಬೀಳುತ್ತಿದೆ, ನೇತ್ರಾ ಕೂಗುತ್ತಿಲ್ಲ, ಇಡೀ ಬಸ್ಸನ್ನು ನಡುಗಿಸಿದ ನೇತ್ರಾ ತನ್ನ ಬಾಯನ್ನು ತಾನೇ ಮುಚ್ಚಿಕೊಂಡಿದ್ದಾಳೆ, ಐದೂ ಬೆರಳು ಕೆನ್ನೆಯಲ್ಲಿ ಹೂತಿವೆ. ಅವನು ತಿರುಗಿದ, ಏಳಲೆಂದು ಬಲಗೈಯನ್ನು ಕಲ್ಲಿಗೆ ಊರಿದ, ತುರುಬು ಬಿಡಲಿಲ್ಲ, ಸಿಸ್ಟರ್, ಮ್ಯಾಲೆ ಹೋಗ್ರಿ, ಇದು ನಮ್ಮ ಮನಿ ವಿಷಯ — ಎಷ್ಟು ಮರ್ಯಾದೆ, ಏದುಸಿರಿನಲ್ಲೂ ರೀ ಬಿಡಲಿಲ್ಲ — ಕಟ್ಟೆಯ ಮೇಲೆ ಕಬ್ಬಿಣದ ಹಂಚು, ತಣ್ಣಗೆ, ಎರಡೂ ಕೈಗೆ ಭಾರವಾಗಿ, ಮತ್ತು ಬಾಯಿ ತೆರೆಯಿತು, ಇಷ್ಟು ದಿನಕ್ಕೆ ಪೂರ್ತಿ ತೆರೆಯಿತು, ಕೈ ತಗೀಲೇ, ಇಲ್ಲಂದ್ರ ಮುರೀತೀನಿ, ಅವನು ನಕ್ಕ, ಕೈ ತೆಗೆಯಲಿಲ್ಲ, ಹಂಚು ಮೇಲೆ ಹೋಯಿತು, ಮುಸ್ತಫಾ ಲೇಸು ಕಟ್ಟುತ್ತಲೇ ಇದ್ದ, ಹಂಚು ಇಳಿಯಿತು, ಕಲ್ಲಿಗೆ ಊರಿದ ಆ ಬಲಗೈಯ ಮೇಲೆ, ಒಂದೇ ಸದ್ದು, ರೊಟ್ಟಿಯದಲ್ಲ, ಬಾಗಿಲಿನದಲ್ಲ. ಅವನು ಕಿರುಚುತ್ತಿರಬೇಕು, ಬಾಯಿ ತೆರೆದಿದೆ, ಮುದುಕಿ ಪೊಲೀಸ್ ಪೊಲೀಸ್ ಅನ್ನುತ್ತಿರಬೇಕು, ನೇತ್ರಾ ಬಾಯ ಮೇಲಿನ ಕೈ ತೆಗೆದಿದ್ದಾಳೆ, ಇವಳಿಗೆ ಒಂದೂ ಕೇಳಿಸುವುದಿಲ್ಲ, ಈಗ ಬಿಡುವು, ಈಗ ನೀರು ಸವರಬೇಕು, ಚುರ್ ಅನ್ನಬೇಕು, ಆಮೇಲೆ ಮುಂದಿನದು, ಮುಂದಿನದು ಬರುವುದಿಲ್ಲ, ಕಲ್ಲಿನ ಮೇಲೆ ಆ ಕೈ, ಐದು ಬೆರಳು, ಕಲ್ಲಿನ ಮೇಲೆ, ಐದು ಬೆರಳು