ಕಾಯುವ ಗುಂಪು

ಯಶ್ಮಿತಾ, ಕುಶಲಾಳ ಶವದ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಬಿಳಿ ಬಟ್ಟೆಯ ಪಟ್ಟಿ ಬಿಗಿಯುತ್ತಿದ್ದಾಗ ಹಬೀಬಾ ಒಳಗೆ ಬಂದಳು. ಜೊತೆಗೆ ಮಗ ಅಝರ್. ಯಶ್ಮಿತಾ, ಕುಶಲಾ ಕೆಲಸ ಮಾಡುತ್ತಿದ್ದ ಥೆರಪಿ ಸೆಂಟರಿಗೆ ಮೊದಲು ಬಂದಾಗ ಚಮಚ ಹಿಡಿಯಲಾರದಿದ್ದ ಹುಡುಗ ಈಗ ತಾಯಿಯ ಭುಜಕ್ಕೆ ಬೆಳೆದಿದ್ದ.

“ಆಂಬುಲೆನ್ಸ್ ಕಂಕನಾಡಿಯಲ್ಲಿ ಬ್ಲಾಕಿಗೆ ಸಿಕ್ಕಿದೆ ಅಂತೆ,” ಎಂದ ಕುಶಲಾಳ ತಮ್ಮ ಅಣ್ಣು. “ಅಕ್ಕನಿಗೆ ಯಾವತ್ತು ಅರ್ಜೆಂಟ್ ಇತ್ತು ಮಾರಾಯ್ರೆ? ಮಗು ಒಂದು ಬಟನ್ ಹಾಕಿ ಮುಗಿಸುವವರೆಗೆ ಸುಮ್ಮನೆ ಕೂತುಕೊಳ್ತಿದ್ದಳು.”

ಹಬೀಬಾ ನಗಲು ಹೋಗಿ ಅತ್ತಳು. “ನಮ್ಮ ಮನೆಯಲ್ಲಿ ಕೂಡ ಹಾಗೇ. ಆದಿತ್ಯವಾರ ಬರ್ತಿದ್ರು. ಇವನ ಕೈ ಹಿಡಿದು ಕಲಿಸಿದ್ದೇ ಅವರು.”

ಯಶ್ಮಿತಾಳ ಕೈ ನಿಂತಿತು. “ಯಾವಾಗ?”

“ನೀವು ಆ ರಿಸರ್ಚ್ ಮಾಡುವಾಗ. ಇವನ ಸರದಿ ಮುಂದಿನ ವರ್ಷ ಅಂತ ಹೇಳಿದ್ರಲ್ಲ? ಕಾಯ್ತಿದ್ದ ಎಲ್ಲರ ಮನೆಗೂ ಹೋಗ್ತಿದ್ರು. ಯಶ್ಮಿತಾ ಟೀಚರಿಗೆ ಹೇಳಬೇಡಿ ಅಂದಿದ್ರು. ಈಗ ಹೇಳಿದ್ರೆ ಎಂತ?”

*

ಆ ಸಂಶೋಧನೆ ಯಶ್ಮಿತಾಳದು. ಬಟನ್ ಹಾಕುವುದು, ಪೆನ್ಸಿಲ್ ಹಿಡಿಯುವುದು, ತಲೆ ಬಾಚಿಕೊಳ್ಳುವುದು, ಇವನ್ನೆಲ್ಲ ಕಲಿಸುವ ಥೆರಪಿಯಿಂದ ಮಕ್ಕಳಿಗೆ ನಿಜವಾಗಿ ಎಷ್ಟು ಗುಣವಾಗುತ್ತದೆ? ಹೇಳುವವರು ಬಹಳ, ಅಳೆದು ನೋಡಿದವರು ಕಡಿಮೆ. ಅರ್ಧ ಮಕ್ಕಳಿಗೆ ಈಗಲೇ ಥೆರಪಿ. ಉಳಿದವರು ಒಂದು ವರ್ಷ ಕಾಯಬೇಕು. ಕೊನೆಗೆ ಎರಡೂ ಗುಂಪುಗಳನ್ನು ಹೋಲಿಸಿ ನೋಡುವುದು.

“ಕಾಯುವವರಿಗೆ ಎಂತ ಕೊಡುವುದು?” ಎಂದು ಕೇಳಿದ್ದಳು ಸೆಂಟರಿನ ಹಿರಿಯ ಥೆರಪಿಸ್ಟ್ ಕುಶಲಾ.

“ಏನೂ ಇಲ್ಲ ಅಕ್ಕ. ಕೊಟ್ಟರೆ ವ್ಯತ್ಯಾಸ ಗೊತ್ತಾಗುವುದಿಲ್ಲ.”

ಕುಶಲಾ ಆಯ್ತು ಎಂದು ತಲೆಯಾಡಿಸಿದ್ದಳು. ಯಾವ ಮಗು ಯಾವ ಗುಂಪಿಗೆ ಎಂದು ಹೆಸರಿನ ಚೀಟಿ ಎತ್ತಿದ್ದೂ ಅವಳೇ.

ವರ್ಷದ ಕೊನೆಗೆ ಕಾದಿದ್ದ ಮಕ್ಕಳೂ ಥೆರಪಿ ಸಿಕ್ಕವರಷ್ಟೇ ಸುಧಾರಿಸಿದ್ದರು; ವ್ಯತ್ಯಾಸ ಕಾಣಲೇ ಇಲ್ಲ. ಥೆರಪಿಯಿಂದ ವಿಶೇಷ ಪ್ರಯೋಜನವಿಲ್ಲ ಎಂದು ಯಶ್ಮಿತಾ ಪ್ರಾಮಾಣಿಕವಾಗಿ ಬರೆದಳು. ಅದನ್ನೇ ಮುಂದೆ ಹಿಡಿದು, ಥೆರಪಿಗೆ ಹಣ ಕೊಡುತ್ತಿದ್ದ ಟ್ರಸ್ಟಿನವರು ಶಾಲೆಗಳಲ್ಲಿದ್ದ ಥೆರಪಿ ಕೋಣೆಗಳನ್ನು ಮುಚ್ಚಿಸಿದರು. ಆ ದಿನ ಯಶ್ಮಿತಾ ಅತ್ತಿದ್ದಳು. ಕುಶಲಾ ಲೇಖನವನ್ನು ಪೂರ್ತಿ ಓದಿ, “ಚೆನ್ನಾಗಿ ಬರ್ದಿದ್ದಿ,” ಎಂದು ಅವಳ ಬೆನ್ನು ಸವರಿ, ಇಬ್ಬರಿಗೂ ಚಾ ತರಿಸಿದ್ದಳು. ಅಷ್ಟೆ.

*

“ನನ್ನ ಸಣ್ಣ ಮಗಳು ರುಮೈಸಾ ಇದ್ದಾಳಲ್ಲ, ಅವಳಿಗೂ ಇವನದ್ದೇ ತೊಂದರೆ,” ಹಬೀಬಾ ಮೆಲ್ಲಗೆ ಹೇಳಿದಳು. “ಶಾಲೆಯಲ್ಲಿ ಕೇಳಿದೆ. ಕೋಣೆಗೆ ಬೀಗ ಹಾಕಿದ್ದಾರೆ. ಯಾಕೆ ಟೀಚರ್? ಇವನಿಗೆ ಅಷ್ಟು ಒಳ್ಳೆದಾಯ್ತಲ್ಲ?”

ಯಶ್ಮಿತಾ ಕುಶಲಾಳ ಮುಖ ನೋಡಿದಳು.

ಹೊರಗೆ ಆಂಬುಲೆನ್ಸ್ ಬಂದು ನಿಂತಿತು. ಅಣ್ಣು ತುಳಸಿ ಎಲೆ ಹಾಕಿದ ನೀರಿನ ಗಿಂಡಿಯನ್ನು ಯಶ್ಮಿತಾಳ ಕೈಗಿತ್ತ. “ಬಾಯಿಗೆ ನೀರು ಬಿಡು ಮಗಾ. ನೀನು ಅವಳಿಗೆ ಮಗಳ ಹಾಗೆಯೇ ಇದ್ದವಳು.”

ಯಶ್ಮಿತಾ ಬಗ್ಗಿ ನೀರು ಬಿಟ್ಟಳು. ಮುಚ್ಚಿದ ತುಟಿಗಳ ಮೇಲೆ ಬಿದ್ದ ನೀರು ಒಳಗಿಳಿಯದೆ ಕೆನ್ನೆಗೆ ಜಾರಿತು. ಇನ್ನೊಮ್ಮೆ ಬಿಟ್ಟಳು. ಮತ್ತೊಮ್ಮೆ.

“ಸಾಕು ಮಗಾ,” ಎಂದ ಅಣ್ಣು.

ಅವಳು ಉತ್ತರಕ್ಕೆ ಕಾಯುವವಳ ಹಾಗೆ ಆ ತುಟಿಗಳನ್ನೇ ನೋಡುತ್ತ ಗಿಂಡಿಯನ್ನು ಇನ್ನಷ್ಟು ಬಗ್ಗಿಸಿದಳು. ನೀರು ಕಿವಿಯ ಹಿಂದಿನಿಂದ ಇಳಿದು, ದಿಂಬನ್ನು ನೆನೆಸಿ, ಚಾಪೆ ದಾಟಿ, ಸುತ್ತ ನಿಂತವರ ಪಾದಗಳವರೆಗೆ ಹರಿಯಿತು.